ಸೊನ್ನೆಗೆ ಎತ್ತಿದ ಬ್ಯಾಟು

ಅಮ್ಮಾ,

ಮೊಣಕಾಲಿನ ಊತ ಇಳಿದಿದೆ, ಗಾಬರಿ ಆಗಬೇಡ. ಈ ಊರಲ್ಲಿ ನಮ್ಮ ಹೆಂಗಸರ ಕ್ರಿಕೆಟ್ ತಂಡವನ್ನ ಕೇಳೋರಿಲ್ಲ. ಇವತ್ತಿನ ಮ್ಯಾಚಿಗೆ ಇಡೀ ಗ್ಯಾಲರಿಯಲ್ಲಿ ಒಬ್ಬಳೇ ಅಜ್ಜಿ, ಸ್ವೆಟರ್ ಹೆಣೀತಾ ಕೂತಿದ್ಲು. ನಾನು ಹಿತ್ತಲಲ್ಲಿ ಆಡುವಾಗ ನೀನು ಮಾಡ್ತಿದ್ದೆಯಲ್ಲ, ಥೇಟ್ ಹಾಗೇ, ಚೆಂಡು ಮೇಲೆ ಹೋದ್ರೆ ಸಾಕು, ಚಪ್ಪಾಳೆ. ನಾನು ಎರಡನೇ ಬಾಲಿಗೇ ಕ್ಯಾಚ್ ಕೊಟ್ಟು ಸೊನ್ನೆಗೆ ಔಟಾದೆ. ಅದಕ್ಕೂ ಎದ್ದು ನಿಂತು ತಟ್ಟಿದ್ಲು! ನನಗೇನಾಯ್ತೋ, ಸೆಂಚುರಿ ಹೊಡೆದವಳ ಹಾಗೆ ಅವಳ ಕಡೆ ಬ್ಯಾಟ್ ಎತ್ತಿಬಿಟ್ಟೆ. "ನಿನ್ನ ಸೊನ್ನೆಗೆ ಇದೊಂದು ಕೇಡು!" ಅಂತ ಕೋಚ್ ಮೇಡಂ ಎಲ್ಲರೆದುರು ಉಗಿದ್ರು. ನನಗೂ ಮೂವತ್ತಮೂರಾಯ್ತು, ಮುಂದಿನ ವರ್ಷ ತಂಡಕ್ಕೆ ತಗೋತಾರೋ ಇಲ್ವೋ. ಬಸ್ಸು ಹಾರ್ನ್ ಹೊಡೀತಿದೆ, ಕಾರ್ಡಲ್ಲಿ ಜಾಗಾನೂ ಇಲ್ಲ. ಒಂದೇ ಒಂದು ಮ್ಯಾಚಿಗೆ ಬಾರಮ್ಮ. ನಾನು ಔಟಾದ್ರೂ ತಟ್ಟು.

ನಿನ್ನ ಚಿಕ್ಕವಳು