ಧಣಿಯ ಪರವಾಗಿ ಆಡಿದ ಮಾತು

೧೯೮೩ ನವೆಂಬರ್ ೨, ಬುಧವಾರ

ಕಂಪನಿಯ ಯೂನಿಫಾರ್ಮ್ ಪ್ಯಾಂಟುಗಳಿಗೆ ಗುಂಡಿ ಹಾಕಿಸುವುದರಲ್ಲೇ ಹಗಲು ಹೋಯಿತು. ಈ ಕೊಲ್ಲಿ ದೇಶದಲ್ಲಿ, ಮನಾಮಾದ ಗುದೈಬಿಯಾ ಪೇಟೆಯ ನನ್ನ ಟೈಲರ್ ಅಂಗಡಿಯ ಅರ್ಧ ಅನ್ನ ಆ ಕಂಪನಿಯದ್ದು. ಅದರ ಮ್ಯಾನೇಜರ್ ನಮ್ಮ ಊರಿನ ಕಡೆಯವರೇ. ದೇವರು ಅವರಿಗೆ ಆಯುಷ್ಯ ಕೊಡಲಿ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದೆ. ಅವಸರಪಟ್ಟೆ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಹೆಂಡತಿ ಜಯಶೀಲಾಳ ಪಕ್ಕ ಇನ್ನೊಬ್ಬಳು ಕಾಯಿ ತುರಿಯುತ್ತಿದ್ದಾಳೆ. ಜೂಲಿಯಾನಾ. ಬಂಟ್ವಾಳದ ಕಡೆಯ ಕೊಂಕಣಿ ಹುಡುಗಿ. ಸನದ್ ಎಂಬ ಬಡಾವಣೆಯಲ್ಲಿರುವ ಅದೇ ಮ್ಯಾನೇಜರರ ಮನೆಯ ಕೆಲಸದವಳು. ಆ ಮನೆಯ ಅಮ್ಮನವರ ಜೊತೆ ನಮ್ಮ ಅಂಗಡಿಗೆ ಬಂದಾಗ ಜಯಶೀಲಾಳ ಪರಿಚಯ. ಕರಾರು ಮುಗಿದು ವರ್ಷವಾಯಿತು. ಊರಿಗೆ ಬಿಡುತ್ತಿಲ್ಲ. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಇವತ್ತು ಕಸ ಹಾಕಲು ಹೊರಗೆ ಬಂದವಳು ಒಳಗೆ ಹೋಗಲೇ ಇಲ್ಲ...

“ಪೊಲೀಸಿನವರು ಬಂದ್ರೆ ಎಂತ ಮಾಡುದು ಮಾರಾಯ್ತಿ?” ಎಂದೆ.

“ನೀವು ಮಾತಾಡಿ. ಅದೊಂದು ಬರ್ತದಲ್ಲ ನಿಮಗೆ,” ಎಂದಳು.

ಎರಡೇ ದಿನ ಎಂದು ಖಡಾಖಂಡಿತ ಹೇಳಿದ್ದೇನೆ. ಚಟ್ನಿ ಚೆನ್ನಾಗಿತ್ತು.

ನವೆಂಬರ್ ೫, ಶನಿವಾರ

ಎರಡು ದಿನ ಕಳೆಯಿತು. ಯಾರೂ ಆ ಮಾತೆತ್ತುವುದಿಲ್ಲ. ನಾನೂ.

ಮಗಳು ಬೇಬಿಗೆ ಶಾಲೆಯಲ್ಲಿ ಡಿಬೇಟ್. ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಗುಲಾಮಗಿರಿಯ ಕಾನೂನೋ, ಗುಲಾಮರ ದಂಗೆಯೋ? ಮಗಳು ಪಾಠ ಹೇಳಿದಳು, ಅಪ್ಪ ನಾನು ಕೇಳಿದೆ. ೧೮೩೧ರಲ್ಲಿ ಟರ್ನರ್ ಎಂಬ ಗುಲಾಮ ದಂಗೆ ಎಬ್ಬಿಸಿದನಂತೆ. ಧಣಿಗಳು ಹೆದರಿ ಕಾನೂನು ಬಿಗಿ ಮಾಡಿದರು — ಗುಲಾಮರಿಗೆ ಓದು ಕಲಿಸುವುದೂ ಅಪರಾಧ. ಆದರೂ ಓಡಿಹೋಗುವವರು ಓಡಿದರು. ೧೮೫೦ರಲ್ಲಿ ಇನ್ನೊಂದು ಕಾನೂನು: ಓಡಿದವರು ಗುಲಾಮಗಿರಿಯೇ ಇಲ್ಲದ ರಾಜ್ಯದಲ್ಲಿ ಸಿಕ್ಕರೂ ಹಿಡಿದು ಒಪ್ಪಿಸಬೇಕು. ಅಡಗಿಸಿದವರಿಗೆ ದಂಡ, ಜೈಲು. ಅಲ್ಲಿಯವರೆಗೆ ಸುಮ್ಮನಿದ್ದ ಉತ್ತರದವರಿಗೂ ಸಿಟ್ಟು ಬಂತು. ಮತ್ತೆ ಬ್ರೌನ್ ಎಂಬ ಬಿಳಿಯನೇ ಗುಲಾಮರ ಕೈಗೆ ಆಯುಧ ಕೊಡಲೆಂದು ಸರಕಾರದ ಆಯುಧದ ಕೋಠಿಗೆ ನುಗ್ಗಿದ. ಆಮೇಲೆ ಯುದ್ಧ.

ನನಗೆ ಕಂಡದ್ದು: ಸುಕ್ಕು ಬಂತೆಂದು ದಾರ ಎಳೆದರು, ಎಳೆದದ್ದಕ್ಕೆ ಇನ್ನಷ್ಟು ಸುಕ್ಕು. ಕೊನೆಗೆ ಬಟ್ಟೆಯೇ ಹರಿಯಿತು.

“ಬಟ್ ಅಪ್ಪ, ಟೀಚರ್ ನನಗೆ ಧಣಿಗಳ ಸೈಡ್ ಕೊಟ್ಟಿದ್ದಾರೆ! ಕಾನೂನು ಸರಿ ಅಂತ ಹೇಳ್ಬೇಕು.” ಕಣ್ಣಲ್ಲಿ ನೀರು.

“ಅಳ್ಬೇಡ ಮಗಾ. ನಿನ್ನ ಅಪ್ಪ ಯಾಕಿರುದು?”

ಊರಲ್ಲಿ ತಾಳಮದ್ದಳೆಗೆ ಕೂತವನು ನಾನು. ವೇಷವಿಲ್ಲ, ಕುಣಿತವಿಲ್ಲ, ಪಾತ್ರವೇ ತಾನಾಗಿ ವಾದಿಸುವುದು. ಖಳನ ಪಾತ್ರ ಸಿಕ್ಕರೆ ಹಬ್ಬ.

ನವೆಂಬರ್ ೭, ಸೋಮವಾರ

ಸಂಜೆ ಅಭ್ಯಾಸ. ಇಂಗ್ಲಿಷು ಬೇಬಿಯದ್ದು, ಬೆಂಕಿ ನನ್ನದು. ಚಾಪೆಯ ಮೇಲೆ ಕೂತು ಎದೆ ತಟ್ಟಿದೆ. “ಓಡಿ ಬಂದವಳಿಗೆ ಅನ್ನ ಹಾಕಿದ ಮನೆ ಕಳ್ಳರ ಮನೆ! ಧಣಿಯ ಸೊತ್ತು ಧಣಿಗೆ ಸೇರಬೇಕು. ನಾಳೆಯೇ ಹಿಡಿದು ಒಪ್ಪಿಸುತ್ತೇನೆ — ತಡೆಯುವವರು ಯಾರು?”

ಬೇಬಿ ಚಪ್ಪಾಳೆ ತಟ್ಟಿದಳು. ಇಷ್ಟು ಚೆನ್ನಾಗಿ ಮಾತು ಬಾರದೆ ಎಷ್ಟು ಕಾಲವಾಗಿತ್ತು!

ನವೆಂಬರ್ ೮, ಮಂಗಳವಾರ

ಜೂಲಿಯಾನಾ ಇಲ್ಲ. ಹಾಸಿಗೆ ಸುತ್ತಿಟ್ಟಿದೆ. ಜಯಶೀಲಾ ಕೊಟ್ಟ ಸೀರೆ ಮಡಚಿ ಮೇಲಿಟ್ಟಿದ್ದಾಳೆ.

ಒಳಗಿನ ಕೋಣೆಯಲ್ಲಿದ್ದಳು ನಿನ್ನೆ. ಗೋಡೆಯ ಆಚೆಯಿಂದ ಕೇಳಿದ್ದು ನನ್ನ ಸ್ವರ, ನನ್ನ ಕನ್ನಡ. ಇಗರ್ಜಿಯ ಪ್ರಾರ್ಥನೆ ಬಿಟ್ಟು ಬೇರೆ ಸಭೆ ಕಾಣದವಳು. ಮನುಷ್ಯ ತನ್ನದಲ್ಲದ ಮಾತನ್ನೂ ‘ನಾನು’ ಎಂದೇ ಆಡುತ್ತಾನೆಂದು ಅವಳಿಗೇನು ಗೊತ್ತು?

ಜಯಶೀಲಾ ಬೈಯಲಿಲ್ಲ. ಬೈದಿದ್ದರೆ ಉತ್ತರವಿತ್ತು.

ಟ್ಯಾಕ್ಸಿ ಓಡಿಸುವ ಗೆಳೆಯ ಆದಂ ಬ್ಯಾರಿಗೆ ಹೇಳಿದೆ. ನಾಳೆಯಿಂದ ಮನಾಮಾ ಪೂರ್ತಿ ನೋಡುತ್ತಾನಂತೆ. ಸನದ್‌ಗೇ ವಾಪಸು ಹೋಗಿದ್ದರೆ...

ನವೆಂಬರ್ ೧೧, ಶುಕ್ರವಾರ

ಸಿಕ್ಕಳು. ದೇವರಿಗೆ, ಆದಮನಿಗೆ, ಅವನ ಹಳೆಯ ಡಾಟ್ಸನ್ನಿಗೆ, ಮೂವರಿಗೂ ಋಣಿ.

ಇಲ್ಲಿ ರಜೆ ಶುಕ್ರವಾರ, ಭಾನುವಾರದ ಪೂಜೆಯೂ ಅಂದೇ. ಪೂಜೆ ಬಿಡುವ ಹೊತ್ತಿಗೆ ಆದಂ ಇಗರ್ಜಿಯ ಎದುರು ಕಾದು ನಿಂತನಂತೆ. ಯಾರೋ ಗೋವಾದ ಹೆಂಗಸರು ಅವಳಿಗೆ ಜಾಗ ಕೊಟ್ಟಿದ್ದರು. ಗಾಡಿ ಹತ್ತಲು ಒಪ್ಪಲಿಲ್ಲವಂತೆ. ಆದಂ ನನಗೆ ಹೇಳಿದ: “ನಾನು ಅವಳಿಗೆ ಹೇಳಿದೆ ಲೀಲಣ್ಣ, ಅವರದ್ದು ಬಾಯಿ ಮಾತ್ರ ಜೋರು ಮಾರಾಯ್ತಿ, ಒಂದು ಜಿರಳೆಯನ್ನೂ ಹಿಡಿದು ಕೊಟ್ಟವರಲ್ಲ ಅಂತ.” ಇದಕ್ಕಿಂತ ದೊಡ್ಡ ಸನ್ಮಾನ ನನಗಾಗಿಲ್ಲ.

ಬೇಬಿ ಚಾಪೆ ಹಾಕಿ, ಧಣಿಯ ಭಾಷಣ ಪೂರ್ತಿ ಮಾಡಿ ತೋರಿಸಿದಳು. ನಿನ್ನೆ ಅದಕ್ಕೇ ಎರಡನೇ ಬಹುಮಾನ. ಜೂಲಿಯಾನಾ ನಗಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದಳು.

“ಆಡುವುದೇ ಆದ್ರೆ, ಅಷ್ಟೇ ಜೋರಾಗಿ ನನ್ನ ಪರ ಸನದಿನಲ್ಲಿ ಹೋಗಿ ಆಡ್ತೀರಾ ಅಣ್ಣ?”

ಜಯಶೀಲಾ ನನ್ನ ಮುಖ ನೋಡಲಿಲ್ಲ. ಅಂಗಡಿಯ ಅರ್ಧ ಅನ್ನ ಹೋದೀತು — ಅವಳಿಗೂ ಗೊತ್ತು.

ನವೆಂಬರ್ ೧೩, ಭಾನುವಾರ

ಹೋದೆ. ದಾರಿಯುದ್ದಕ್ಕೂ ಪೀಠಿಕೆ ಹೊಂದಿಸಿದ್ದೆ. ಮ್ಯಾನೇಜರರ ಸೋಫಾದಲ್ಲಿ ಕೂತಾಗ ಬಂದದ್ದು ಒಂದೇ ಮಾತು: “ಜೂಲಿಯಾನಾಳ ಪಾಸ್‌ಪೋರ್ಟ್ ಕೊಡಿ ಸಾರ್.”

“ಯೂನಿಫಾರ್ಮ್ ಆರ್ಡರ್ ಬೇಡವಾ ನಿಮಗೆ?”

“ಬೇಕು ಸಾರ್. ಪಾಸ್‌ಪೋರ್ಟೂ ಬೇಕು.”

ಮತ್ತೆ ನಾನು ಮಾತಾಡಲಿಲ್ಲ. ಏಳಲೂ ಇಲ್ಲ. ಚಹಾ ತಣ್ಣಗಾಯಿತು. ಅವರು ಕೂಗಿದರು, ಕಾನೂನು ಹೇಳಿದರು. ಕಡೆಗೆ ಅವರ ಹೆಂಡತಿಯೇ ಎದ್ದು ಒಳಗೆ ಹೋಗಿ ತಂದು ನನ್ನ ಕೈಗಿಟ್ಟರು. “ನಾಳೆ ವೀಸಾ ಕ್ಯಾನ್ಸಲ್ ಮಾಡಿಸಿ ಅವಳನ್ನು ಊರಿಗೆ ಕಳಿಸುವ. ಟಿಕೆಟ್ ನಾವೇ ಕೊಡ್ಬೇಕು, ಕೊಡ್ತೇವೆ,” ಎಂದರು. ಆ ತಾಯಿಗೂ ಋಣಿ. ಗಂಡನ ಎದುರೇ ಹೇಳಿದರಲ್ಲ.

ನವೆಂಬರ್ ೧೬, ಬುಧವಾರ

ಕಂಪನಿಯಿಂದ ಫೋನ್. ಯೂನಿಫಾರ್ಮ್ ಬೇರೆಯವರಿಗೆ. ನಿರೀಕ್ಷಿಸಿದ್ದೇ. ಆದರೂ ಲೆಕ್ಕದ ಪುಸ್ತಕ ಎರಡು ಸಲ ತೆರೆದು ನೋಡಿದೆ.

ನಮ್ಮ ಅರ್ಬಾಬ್, ಅಂದರೆ ಇಲ್ಲಿಯ ಅರಬ್ ಧಣಿ, ಅಂಗಡಿಗೆ ಬಂದಿದ್ದರು. ಲೈಸೆನ್ಸ್ ಅವರ ಹೆಸರಲ್ಲೇ ಇರುವುದು. ಹೆದರುತ್ತಲೇ ಎಲ್ಲ ಹೇಳಿದೆ. “ಮಾಫಿ ಮುಶ್ಕಿಲ್,” ಏನೂ ತೊಂದರೆ ಇಲ್ಲ ಎಂದು ನಕ್ಕು, ತಮ್ಮ ಅಣ್ಣತಮ್ಮಂದಿರ ನಿಲುವಂಗಿಗಳನ್ನೆಲ್ಲ ಹೊಲಿಯಲು ಕಳಿಸಿದರು. ಕಂಪನಿಯ ಜಾಗ ತುಂಬುವುದಿಲ್ಲ. ಅನ್ನಕ್ಕೆ ಸಾಕು.

ನವೆಂಬರ್ ೨೧, ಸೋಮವಾರ

ಜೂಲಿಯಾನಾ ಹೊರಟಳು. ಅವಳ ರವಿಕೆಯ ಒಳಗೆ ಒಂದು ಜೇಬು ಹೊಲಿದುಕೊಟ್ಟೆ. ಪಾಸ್‌ಪೋರ್ಟ್ ಸರಿಯಾಗಿ ಕೂರುವಷ್ಟು, ಎರಡು ಹೊಲಿಗೆ. ಏರ್‌ಪೋರ್ಟಿನಲ್ಲಿ ಕೈ ಬೀಸುವ ಮೊದಲು ಜೇಬು ಮುಟ್ಟಿ ನೋಡಿದಳು. ನಕ್ಕಳು, ಮೊದಲ ಸಲ.

ಬರುವಾಗ ಆದಮನ ಗಾಡಿಯಲ್ಲಿ ಬೇಬಿ ಕೇಳಿದಳು.

“ಅಪ್ಪ, ನಿಮ್ಮ ಪಾಸ್‌ಪೋರ್ಟ್ ಎಲ್ಲುಂಟು?”

“ಅರ್ಬಾಬರ ಕಪಾಟಿನಲ್ಲಿ.”

“ಕೇಳಿದ್ರೆ ಕೊಡ್ತಾರಾ?”

ಆದಂ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಕೊಡುತ್ತಾರೆ. ಒಳ್ಳೆಯ ಮನುಷ್ಯ, ಅವರ ಉಪ್ಪು ತಿಂದಿದ್ದೇನೆ. ಕೊಟ್ಟೇ ಕೊಡುತ್ತಾರೆ. ಇಷ್ಟು ವರ್ಷ ನಾನು ಕೇಳಿಯೇ ಇಲ್ಲ, ಅಷ್ಟೇ.

ನಾಳೆ ನಿಲುವಂಗಿ ಕೊಡಲು ಹೋದಾಗ —