ಕೇರಿಯ ಒಪ್ಪಿಗೆ

ಕಲ್ಗಟ್ಟೆಪುರ,
ಹರದನಹಳ್ಳಿ ದಾರಿ, ಚಾಮರಾಜನಗರ ತಾಲ್ಲೂಕು.
9-2-1958, ಭಾನುವಾರ

ಪೂಜ್ಯ ಮರಿಮಲ್ಲಪ್ಪ ಮೇಷ್ಟ್ರಿಗೆ ನಿಮ್ಮ ಸಿದ್ದಯ್ಯ ಮಾಡುವ ನಮಸ್ಕಾರಗಳು.

ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಎಲ್ಲಿ ಒತ್ತು ಬಿಟ್ಟಿದ್ದೇನೆ, ಎಲ್ಲಿ ದೀರ್ಘ ಎಳೆದಿದ್ದೇನೆ, ನನಗೇ ಗೊತ್ತಾಗುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ನಿಂತುಹೋದ ಕೈ ಇದು. ಒಂದು ವರ್ಷದಿಂದ ಕುಡುಗೋಲು ಬಿಟ್ಟು ಬೇರೇನೂ ಹಿಡಿದಿಲ್ಲ. ನೀವು ಓದುವಾಗ ತಪ್ಪುಗಳನ್ನು ತಿದ್ದಿಕೊಂಡು ಓದಿ.

ನಿಮ್ಮ ಕಾಗದ ದೀಪಾವಳಿಯಾದ ಮೂರನೇ ದಿನವೇ ಬಂತು. ಮೂರು ತಿಂಗಳು ಉತ್ತರ ಬರೆಯದೆ ಇದ್ದೆ. ಕಾಗದ ಸಿಗಲಿಲ್ಲ, ಜ್ವರ ಬಂದಿತ್ತು ಎಂದು ಸುಳ್ಳು ಹೇಳಬಹುದಿತ್ತು. ಜ್ವರವೂ ಬಂದಿರಲಿಲ್ಲ, ಕಾಗದವೂ ಮನೆಯಲ್ಲಿತ್ತು. ಎರಡು ಸಲ ಶುರು ಮಾಡಿ ಹರಿದುಹಾಕಿದೆ. ನಿಮ್ಮ ಎದುರು ನಿಂತಾಗಲೂ ನನಗೆ ಮಾತು ಹೊರಡುತ್ತಿರಲಿಲ್ಲ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ನೀವು ನಗುತ್ತ, "ತಲೆ ಆಡಿಸೋದು ಉತ್ತರ ಅಲ್ಲ ಸಿದ್ದಯ್ಯ, ಬಾಯಿ ಬಿಡು" ಎನ್ನುತ್ತಿದ್ದಿರಿ. ಊರಿನಲ್ಲಿ ನನ್ನನ್ನು ಸಿದ್ದಯ್ಯ ಎಂದು ಪೂರ್ತಿ ಹೆಸರಿನಿಂದ ಕರೆದವರು ಆಗ ನೀವೊಬ್ಬರೇ.

ನಿಮ್ಮ ಮನೆಯವರು ಕರಿಬಸಮ್ಮನವರ ಕೆಮ್ಮು ಹೇಗಿದೆ? ನಿಮಗೆ ವರ್ಗವಾಗಿರುವ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಮಾಘದ ಚಳಿ ಬಹಳ ಎಂದು ಗುಂಡ್ಲುಪೇಟೆ ಸಂತೆಗೆ ಹೋಗಿಬರುವವರು ಹೇಳುತ್ತಾರೆ. ಆನೆ ಬಂದು ಸ್ಕೂಲಿನ ಬೇಲಿ ಮುರಿಯಿತು ಎಂದು ಬರೆದಿದ್ದಿರಿ. ಅದನ್ನು ಓದಿ ಹೇಳಿದಾಗ ನಮ್ಮವ್ವ ಮಂಚಮ್ಮ, "ಆ ಪುಣ್ಯಾತ್ಮನ್ನ ಆನೆ ಮುಂದುಕ್ಕ ತಳ್ಬುಟ್ರಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಮಂಡಿ ನೋವು ಹೆಚ್ಚಾಗಿದೆ. ಕುಂತರೆ ಏಳುವುದಕ್ಕೆ ನನ್ನ ತಂಗಿ ಚಾಮುಂಡಿ ಕೈ ಕೊಡಬೇಕು.

ಈಗ ನೀವು ಕೇಳಿದ ವಿಷಯ. ನಮ್ಮ ಸ್ಕೂಲಿನಲ್ಲಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಲು ನೀವು ಮಾಡಿದ ಏರ್ಪಾಡನ್ನು ಕೇರಿಯವರೇ ಬೇಡವೆಂದು ಅರ್ಜಿ ಕೊಟ್ಟಿದ್ದರಿಂದ ಬೇರೆ ಸ್ಕೂಲುಗಳಲ್ಲಿಯೂ ಅದನ್ನು ನಿಲ್ಲಿಸುವುದೆಂದು ಮೇಲಿನವರು ಬರೆದಿದ್ದಾರೆ, ಫೆಬ್ರವರಿ ಕೊನೆಯಲ್ಲಿ ಚಾಮರಾಜನಗರದಲ್ಲಿ ಮತ್ತೊಮ್ಮೆ ವಿಚಾರಣೆ ಇದೆ ಎಂದಿದ್ದಿರಿ. "ಅರ್ಜಿಯನ್ನು ನನಗೆ ತೋರಿಸಲೇ ಇಲ್ಲ. ಕೇರಿಯ ಜನ ಮನಸಾರೆ ಹಾಗೆ ಬರೆಸಿರಲಾರರು. ಬರೆಸಿಲ್ಲವೆಂದು ಅವರಿಂದ ಒಂದು ಕಾಗದ ಬಂದರೆ ಸಾಕು, ನಾನು ಅದನ್ನಿಟ್ಟುಕೊಂಡು ಮಾತಾಡುತ್ತೇನೆ" ಎಂದು ಬರೆದಿದ್ದಿರಿ.

ಮೇಷ್ಟ್ರೇ, ಆ ಅರ್ಜಿ ಬರೆದವನು ನಾನು.

ಬರೆದುಬಿಟ್ಟೆ. ಇನ್ನು ಈ ಹಾಳೆ ಹರಿಯುವುದಿಲ್ಲ.

ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ. ಅಲ್ಲಿಂದ ಬಾರದೆ ಮುಂದಿನದನ್ನು ಬರೆಯುವ ಧೈರ್ಯ ನನಗಿಲ್ಲ. ನಾನು ಓದುವಾಗ ಕೇರಿಯ ಮಕ್ಕಳು ಸ್ಕೂಲಿನ ಹೊರಜಗಲಿಯಲ್ಲಿ ಕೂತು ಕಿಟಕಿಯಿಂದ ಪಾಠ ಕೇಳುತ್ತಿದ್ದೆವು. ಸ್ಲೇಟನ್ನು ನೆಲದ ಮೇಲೆ ಸರಿಸಿದರೆ ನೀವು ಕೋಲಿನಿಂದ ಎಳೆದುಕೊಂಡು ನೋಡುತ್ತಿದ್ದಿರಿ. ಅದು ತಪ್ಪೆಂದು ನನಗೆ ಆಗ ತಿಳಿದಿರಲಿಲ್ಲ. ಬಹುಶಃ ನಿಮಗೂ ತಿಳಿದಿರಲಿಲ್ಲ. ಐವತ್ತಾರರ ಬೇಸಿಗೆಯಲ್ಲಿ ನೀವು ಚಾಮರಾಜನಗರದಲ್ಲಿ ಹೆಡ್ಮಾಸ್ಟರುಗಳ ಹತ್ತು ದಿನದ ಶಿಬಿರಕ್ಕೆ ಹೋಗಿಬಂದವರು ಮನೆಗೂ ಹೋಗದೆ, ಚೀಲ ಹೆಗಲಲ್ಲೇ ಇದ್ದಂತೆ, ನಮ್ಮ ಕೇರಿಗೆ ಬಂದಿರಿ. ಬೇವಿನ ಮರದ ಕೆಳಗೆ ನಿಂತು, "ನಿನ್ನ ನಾಲ್ಕು ವರ್ಷ ಕಿಟಕಿಯಾಚೆ ಕೂರಿಸಿ ಪಾಠ ಹೇಳಿದೆ ಸಿದ್ದಯ್ಯ. ಅದನ್ನ ಈಗ ಸರಿ ಮಾಡೋಕಾಗಲ್ಲ. ಮುಂದಿನ ಮಕ್ಕಳಿಗಾದರೂ ಮಾಡೋಣ. ನನ್ನೊಬ್ಬನ ಕೈಲಾಗಲ್ಲ, ನೀನು ಜೊತೆಗಿರು" ಎಂದಿರಿ. ಹೆಡ್ಮಾಸ್ಟರು ನನ್ನ ಹತ್ತಿರ ಸಹಾಯ ಕೇಳಿದ್ದು! ನಾನು ತಲೆಯಾಡಿಸಿದೆ.

ಹುಣಸೆಬೀಜ ತೊಳೆದು ಒಂದೊಂದರ ಮೇಲೂ ಸುಣ್ಣದಲ್ಲಿ ನಂಬರು ಬರೆದುಕೊಟ್ಟವನು ನಾನೇ. ಸೋಮವಾರ ಸೋಮವಾರ ಮಕ್ಕಳೆಲ್ಲ ಚೊಂಬಿಗೆ ಕೈಹಾಕಿ ಒಂದೊಂದು ಬೀಜ ತೆಗೆಯಬೇಕು, ಯಾವ ನಂಬರು ಬಂತೋ ಆ ವಾರ ಆ ಜಾಗ. ಜಗಲಿಯ ಮೇಲೆ ನಂಬರೇ ಇರಲಿಲ್ಲ. ಗೌಡರ ಬೀದಿಯವರು ಕೇಳಲು ಬಂದಾಗ ನೀವು, "ನಾನು ಯಾರನ್ನೂ ಎಲ್ಲೂ ಕೂರಿಸಿಲ್ಲಪ್ಪ, ಬೀಜ ಕೂರಿಸಿದ್ದು. ಜಗಳ ಆಡೋದಾದರೆ ಬೀಜದ ಹತ್ತಿರ ಆಡಿ" ಎಂದಿರಿ. ಅವರು ಬಯ್ಯಲಾರದೆ ನಕ್ಕು ಹೋದರು. ನಾನು ಬೆಳಿಗ್ಗೆ ಬೆಳಿಗ್ಗೆ ಬಾಗಿಲು ಬಾಗಿಲಿಗೂ ಹೋಗಿ ಕೇರಿಯ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೆ. ನಮ್ಮ ಚಾಮುಂಡಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು.

ಆಯುಧಪೂಜೆ ಕಳೆದ ಮೇಲಿನ ವಾರ ಅವಳಿಗೆ ಶಾಂತಮಲ್ಲಪ್ಪನವರ ಮೊಮ್ಮಗನ ಪಕ್ಕದ ಬೀಜ ಬಂತು. ಇಬ್ಬರೂ ಬಾಯಿಲೆಕ್ಕದಲ್ಲಿ ಪೈಪೋಟಿ ಮಾಡುತ್ತಿದ್ದರು. ಹುಡುಗ ಮನೆಯಲ್ಲಿ ಊಟಕ್ಕೆ ಕೂತಾಗ, ಚಾಮಿ ಕೊಟ್ಟ ಹುರಿಗಾಳು ನಮ್ಮ ಮನೆಯದಕ್ಕಿಂತ ರುಚಿ ಎಂದುಬಿಟ್ಟನಂತೆ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ.

ಶಾಂತಮಲ್ಲಪ್ಪನವರು ಸ್ಕೂಲ್ ಕಮಿಟಿಯ ದೊಡ್ಡವರು. ಅವರು ಯಾರ ಮೇಲೂ ಕೂಗಾಡಲಿಲ್ಲ. ನನಗೆ ಹೇಳಿಕಳಿಸಿದರು. ಅವರ ಜಗಲಿಯ ಕೆಳಗೆ ನಿಂತೆ. "ಬಾ ಸಿದ್ದಯ್ಯ" ಎಂದರು. ಅವತ್ತು ಅವರ ಬಾಯಲ್ಲೂ ನಾನು ಸಿದ್ದಯ್ಯನಾದೆ.

"ನಿಮ್ಮ ಮೇಷ್ಟ್ರು ಒಳ್ಳೆಯೋರೇ ಕಣ. ಆದ್ರ ನಿಮ್ಮ ಮಕ್ಳು ನಮ್ಮ ಮಕ್ಳ ಪಕ್ಕ ಎದ್ರಕಂಡು ಮುದುರ್ಕಂಡು ಕೂತ್ರ ವಿದ್ಯೆ ಅತ್ತದಾ? ನಿಮ್ಗೇ ಒಂದು ಸ್ಕೂಲು ಮಾಡ್ಬುಡವ. ನಿಮ್ಮ ಕೇರಿ ಮಗ್ಗುಲ್ಲೇ. ನಿಮ್ಮೋರೇ ಮೇಷ್ಟ್ರು."

"ನಮ್ಮೋರಲ್ಲಿ ಮೇಷ್ಟ್ರು ಯಾರವ್ರೆ ಬುದ್ಧಿ?" ಎಂದು ಹೇಗೋ ಕೇಳಿದೆ.

"ಯಾರಾ? ನನ್ನ ಎದುರ್ಗ ನಿಂತಿರೋನು ಮತ್ಯಾರ್ಲಾ?"

ಅಷ್ಟೇ ಸಾಕಾಯಿತು ಮೇಷ್ಟ್ರೇ. ನಾಲ್ಕನೇ ಕ್ಲಾಸಿನವನು ಮೇಷ್ಟ್ರಾಗುವುದು ಎಲ್ಲಿಯಾದರೂ ಉಂಟೇ ಎಂದು ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ನೀವು ಇಲ್ಲ ಎಂದುಬಿಡುತ್ತೀರಿ ಎಂಬ ಭಯವಿತ್ತು. ಅವರೇ ಕಾಗದ ಕೊಟ್ಟರು, ಅವರೇ ಹೇಳಿದರು, ನಾನು ಬರೆದೆ. ನಮಗೆ ಬೇರೆ ಸ್ಕೂಲು ಬೇಕು ಎನ್ನುವಷ್ಟನ್ನು ಸಂತೋಷದಿಂದಲೇ ಬರೆದೆ. ಕೊನೆಗೆ, "ಈಗಿನ ಹೆಡ್ಮಾಸ್ಟರು ನಮಗೆ ಇಷ್ಟವಿಲ್ಲದಿದ್ದರೂ ಬಲವಂತದಿಂದ ನಮ್ಮ ಮಕ್ಕಳನ್ನು ಒಳಗೆ ಕೂರಿಸುತ್ತಾರೆ" ಎಂದು ಬರೆ ಅಂದರು. ನನ್ನ ಕೈ ನಿಂತಿತು.

"ಅದೊಂದು ಸಾಲು ಇಲ್ದಿದ್ರ ಮೇಲ್ನೋರು ಸ್ಕೂಲು ಕೊಡಕಿಲ್ಲ ಕಣ್ಲಾ. ಬರೀಲೇಬೇಕು ಅಂತ ಕಾಯ್ದೆ" ಎಂದರು.

ಬರೆದೆ. ಕೆಳಗೆ ನನ್ನ ಹೆಸರನ್ನು ದುಂಡಗೆ ಬರೆದು ಗೆರೆ ಎಳೆದೆ. ಆಮೇಲೆ ನೀವು ಮಕ್ಕಳನ್ನು ಕರೆತರಲು ಕಳಿಸುತ್ತಿದ್ದ ಅದೇ ಬಾಗಿಲುಗಳಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅರ್ಜಿಯನ್ನು ಎಲ್ಲರಿಗೂ ಓದಿ ಹೇಳಿದೆ. ಆ ಸಾಲನ್ನು ಮಾತ್ರ ಓದಲಿಲ್ಲ.

ನೀವು ವರ್ಗವಾಗಿ ಹೊರಟ ದಿನ ನಿಮ್ಮ ಟ್ರಂಕನ್ನು ಬಸ್ಸಿನ ದಾರಿಯವರೆಗೆ ಹೊತ್ತು ಬಂದವನೂ ನಾನೇ. ಬಸ್ಸು ಬರುವ ಹೊತ್ತಿಗೆ ನೀವು, "ಕೇರಿಯವರೇ ಬೇಡ ಅಂದರಂತಲ್ಲ. ನಾನು ಎಲ್ಲಿ ತಪ್ಪಿದೆನೋ ಗೊತ್ತಾಗ್ತಿಲ್ಲ. ನಿನಗೇನಾದರೂ ಗೊತ್ತಾ?" ಎಂದು ಕೇಳಿದಿರಿ. ಇಲ್ಲವೆಂದು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಸ್ಕೂಲು ಬರುತ್ತದೆ ಎಂಬ ಆಸೆ ಆಗಲೂ ಇತ್ತು.

ಸ್ಕೂಲು ಬಂತು. ಕೇರಿಯ ಮಗ್ಗುಲಲ್ಲಿ ಗರಿ ಹೊದಿಸಿದ ಒಂದು ಗುಡಿಸಲು. ಚಂದಕವಾಡಿ ಕಡೆಯ ಒಬ್ಬ ಮೇಷ್ಟ್ರು ಹದಿನೈದು ದಿನ ಬಂದರು. ಬೇಲಿಯಾಚೆ ಸೈಕಲ್ಲಿನ ಮೇಲೆ ಕಾಲೂರಿ ನಿಂತು ಹಾಜರಿ ಕೂಗಿ ಹೋಗುತ್ತಿದ್ದರು. ಆಮೇಲೆ ರಜೆ ಹಾಕಿದರು, ಬರಲೇ ಇಲ್ಲ. ನಾನು ಶಾಂತಮಲ್ಲಪ್ಪನವರ ಮುಂದೆ ಹೋಗಿ ನಿಂತೆ. ಅವರು ಜೊತೆಯಲ್ಲಿದ್ದವರ ಕಡೆ ತಿರುಗಿ, "ನೋಡ್ರಲಾ, ಸಿದ್ದ ಮೇಷ್ಟ್ರಾಯ್ತನಂತ! ನಾಳೆ ಇನ್‌ಸ್ಪೆಕ್ಟ್ರೂ ಆಯ್ತನ" ಎಂದು ನಗಿಸಿದರು. ಹನ್ನೊಂದು ಮಕ್ಕಳನ್ನು ಕರೆದುಕೊಂಡು ಹಳೆಯ ಸ್ಕೂಲಿಗೆ ಹೋದರೆ ಹೊಸ ಹೆಡ್ಮಾಸ್ಟರು ಬಾಗಿಲಲ್ಲೇ ತಡೆದು, "ನಿಮಗೆ ಬೇರೆ ಸ್ಕೂಲಿದೆಯಲ್ಲಪ್ಪ, ನೀವೇ ಕೇಳಿ ಇಸ್ಕೊಂಡಿದ್ದೀರಿ" ಎಂದರು. ಜಗಲಿಗೂ ಸೇರಿಸಲಿಲ್ಲ. ಕಿಟಕಿಯೂ ಹೋಯಿತು.

ಆ ಗುಡಿಸಲಿನಲ್ಲಿ ಈಗ ಶಾಂತಮಲ್ಲಪ್ಪನವರ ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ತುಂಬಿಡುತ್ತಾರೆ. ಸೊಪ್ಪು ಬಿಡಿಸುವುದಕ್ಕೆ ನಮ್ಮ ಕೇರಿಯ ಮಕ್ಕಳೇ ಹೋಗುತ್ತಾರೆ. ಸಣ್ಣ ಕೈಗೆ ಚಿಗುರು ಚೆನ್ನಾಗಿ ಸಿಗುತ್ತದಂತೆ. ಚಾಮುಂಡಿಯೂ ಹೋಗುತ್ತಾಳೆ. ನಾನೂ ಅಲ್ಲೇ ಕಡ್ಡಿ ಕುಯ್ಯುತ್ತೇನೆ.

ನಿಮ್ಮ ಕಾಗದ ಬಂದ ಮೇಲೆ ಮೂರು ತಿಂಗಳು ಹೇಡಿಯಾಗಿದ್ದೆ. ಹೋದ ಸೋಮವಾರ ಹೊಸದೊಂದು ಕಾಗದ ಬರೆದೆ. ಹಳೆಯ ಅರ್ಜಿಯ ಕೊನೆಯ ಸಾಲು ಕೇರಿಯವರಿಗೆ ಗೊತ್ತಿಲ್ಲದ್ದು, ಅವರಿಗೆ ಓದಿ ಹೇಳದೆ ಸಿದ್ದಯ್ಯನೆಂಬ ನಾನು ಬರೆದದ್ದು, ಹೆಡ್ಮಾಸ್ಟರು ಯಾರನ್ನೂ ಬಲವಂತ ಮಾಡಿಲ್ಲ, ನಮ್ಮ ಮಕ್ಕಳು ಬೀಜದ ಪ್ರಕಾರವೇ ಕೂರಬೇಕು ಎಂದು ಬರೆದು, ಈ ಸಲ ಪೂರ್ತಿ ಓದಿ ಹೇಳಿದೆ. ಕೇರಿಯ ಯಜಮಾನ ಬೆಟ್ಟಯ್ಯನವರು ಕೊನೆಯವರೆಗೂ ಕೇಳಿ ಎಲೆಯಡಿಕೆ ಉಗುಳಿ ಬಂದರು.

"ಓದ ಸಲ ಒಂದು ಕಾಗ್ದ ತಂದು ಒತ್ತಪ್ಪಾ ಅಂದೆ, ಒತ್ತುದೊ. ಈಗ ಅದು ಸುಳ್ಳು, ಇದ್ಕ ಒತ್ತು ಅಂತೀಯ. ನನ್ನ ಎಬ್ಬೆಟ್ಟೇನ್ಲಾ ಊರ ಮುಂದ್ಲ ಗುಂಡುಕಲ್ಲಾ, ಬಂದ್ ಬಂದೋರೆಲ್ಲ ಎತ್ತಿ ನೋಡಕ?"

"ತಪ್ಪಾಯ್ತು ಕಣಪ್ಪ ಬೆಟ್ಟಯ್ಯ."

"ನಿನ್ನ ತಪ್ಪು ನಿನ್ನ ತವೇ ಇಟ್ಗೊ. ನಾಳೆ ಅವ್ರು ಗದ್ದ ಕೆಲ್ಸಕ್ಕ ಬರ್ಬ್ಯಾಡಿ ಅಂದ್ರ ನಿನ್ನ ಕಾಗ್ದವ ಬೇಯ್ಸ್ಕಂಡು ಉಣ್ಣನಾ?"

ಸುತ್ತ ಇದ್ದವರು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆರು ದಿನ ತಿರುಗಿದೆ. ಕಣ್ಣು ಕಾಣದ ಚೆಲುವಯ್ಯಜ್ಜ ಒಬ್ಬರು, "ತತ್ತಾ ಇತ್ತಗ, ನನ್ನ ಯಾರೇನು ಕಿತ್ಗಂಡಾರು" ಎಂದು ಒತ್ತಿದರು. ಇನ್ನೊಬ್ಬಳು ನಮ್ಮವ್ವ. ಇದು ಗೊತ್ತಾದರೆ ಸೊಪ್ಪಿನ ಕೆಲಸ ಹೋಗುತ್ತದೆ ಎಂದು ತಿಳಿದೇ ಒತ್ತಿದಳು. ಒತ್ತುವಾಗ ನನ್ನ ಮುಖ ನೋಡಲಿಲ್ಲ.

ಆ ಕಾಗದವನ್ನು ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಇಷ್ಟರಿಂದ ನಿಮಗೆ ಉಪಯೋಗ ಆಗುತ್ತದೋ ಇಲ್ಲವೋ ನಾನರಿಯೆ. ಹಳೆಯ ಅರ್ಜಿಯಲ್ಲಿ ಮೂವತ್ತೊಂದು ಹೆಬ್ಬೆಟ್ಟಿವೆ. ಸಾಲದು ಎಂದರೆ ನನ್ನನ್ನೇ ವಿಚಾರಣೆಗೆ ಕರೆಸಿ. ಬಂದು ಎಲ್ಲರೆದುರು ಬಾಯಿಬಿಟ್ಟು ಹೇಳುತ್ತೇನೆ, ತಲೆಯಾಡಿಸುವುದಿಲ್ಲ. ನೀವು ನನ್ನನ್ನು ಕ್ಷಮಿಸಿ ಎಂದು ಕೇಳಲಾರೆ. ಈ ಕಾಗದ ಓದಿಯೂ ನನ್ನನ್ನು ಹೆಸರು ಹಿಡಿದು ಒಂದು ಸಲ ಬೈದು ಬರೆದರೆ ಅದೇ ಸಾಕು.

ಕರಿಬಸಮ್ಮನವರಿಗೆ ಕೆಮ್ಮು ಬೇಗ ವಾಸಿಯಾಗಲಿ. ಆ ಕಾಡಿನ ಮಕ್ಕಳು ನಿಮ್ಮ ಕೈಯಲ್ಲಿ ನಾಲ್ಕಕ್ಷರ ಕಲಿಯಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ,
ಸಿದ್ದಯ್ಯ

ಮರೆತ ಮಾತು: ಜೊತೆಗಿಟ್ಟ ಆ ಹೊಸ ಕಾಗದದ ಕೆಳತುದಿಯಲ್ಲಿ ಮೂರನೆಯದೊಂದು ಸಣ್ಣ ಹೆಬ್ಬೆಟ್ಟಿದೆ. ಅದು ಚಾಮುಂಡಿಯದು. ಮಕ್ಕಳದು ನಡೆಯುವುದಿಲ್ಲ ಎಂದು ನನಗೆ ಗೊತ್ತು. ಇವತ್ತು ಬೆಳಿಗ್ಗೆ ನಾನು ಕಾಗದ ಮಡಿಸುತ್ತಿದ್ದಾಗ ಅವಳೇ ಬಂದು ಮಸಿಗೆ ಬೆರಳದ್ದಿ ಒತ್ತಿಬಿಟ್ಟಳು. "ನಿಂಗ ಬರಿಯಕ ಬತ್ತದಲ್ಲವ್ವಾ, ಹೆಸರು ಬರಿ. ಮೇಷ್ಟ್ರು ನೋಡಿ ಸಂತೋಷ ಪಡ್ತರ" ಎಂದೆ. ಬೇಡ ಎಂದಳು. ಯಾಕೆ ಎಂದು ಕೇಳಿದೆ. "ಅವತ್ತು ಎಲ್ಲಾರೂ ಎಬ್ಬೆಟ್ಟು ಒತ್ತುದ್ರು, ಅವ್ರ ಯಾರೂ ಏನೂ ಅನ್ನಲ್ಲ. ನೀ ಒಬ್ಬ ಹೆಸರು ಬರ್ದೆ. ಎಲ್ಲಾರೂ ನಿನ್ನೇ ಬಯ್ಯದು. ನಂಗ ಬ್ಯಾಡ ಅಣ್ಣ" ಎಂದಳು.

ಆಮೇಲೆ ಸೊಪ್ಪಿಗೆ ಹೋಗಲು ಹೊತ್ತಾಯಿತು ಎಂದು ಅವಸರ ಮಾಡಿದಳು. ಸೊಪ್ಪಿಗೆ ಮಸಿ ತಾಗಿದರೆ ಹುಳ ತಿನ್ನುವುದಿಲ್ಲ ಎಂದು ಬಯ್ಯುತ್ತಾರೆ. ಅದಕ್ಕೆ ಅವಳ ಬೆರಳನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬುಟ್ಟಿ ಎತ್ತಿಕೊಟ್ಟು ಕಳಿಸಿದೆ.