ಪರಿಚಿತರ ಹೆಸರು ಎಂಬ ಕಾಲಂ

ಜಾಲ ಸೇರ್ಪಡೆ ಕೋಣೆ, ಹಗರಿ ವಿಶ್ವವಿದ್ಯಾಲಯ
ಕ್ರಿ.ಶ. ೨೨೧೪, ಆಷಾಢದ ಮೂವತ್ತೇಳನೆಯ ದಿನ

ಇದೇ ವಿಶ್ವವಿದ್ಯಾಲಯದ ಗಣಕ ಕೇಂದ್ರದ ಗುಮಾಸ್ತೆ ಹುಲಿಗೆಮ್ಮನವರಿಗೆ, ನಿಮ್ಮ ಜಾಗದಲ್ಲಿ ಈಗ ಕೂತಿರುವ ಕೊಟ್ರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ತಡವಾಗುತ್ತಾ ಹೋದಂತೆ ನಮ್ಮ ಪಂಚಾಂಗದವರು ಆಷಾಢವನ್ನು ನಲವತ್ತು ದಿನಕ್ಕೆ ಎಳೆದಿದ್ದಾರೆ. ನನ್ನ ಮಾತೂ ನಿಮಗೆ ಒಂದಿಷ್ಟು ವಿಚಿತ್ರ ಎನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಡತಗಳಿಂದ ಕಲಿತವಳು, ನಡುವೆ ಎಲ್ಲಿಯಾದರೂ “ಈ ಮೂಲಕ ತಿಳಿಯಪಡಿಸುವುದೇನೆಂದರೆ” ಎಂದು ಬಂದುಬಿಟ್ಟರೆ ಮನ್ನಿಸಿ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಹಾಕುವ ವ್ಯವಸ್ಥೆಗೆ ನಾವು ಇಟ್ಟ ಹೆಸರದು. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಹೆಚ್ಚಿನವರು ಮುತ್ತಾತನಿಗೆ ಹೊಲ ಮಾರಬೇಡ ಎಂದು ಬರೆಯುತ್ತಾರೆ, ಮುತ್ತಾತ ಓದಿಯೂ ಮಾರುತ್ತಾನೆ. ನಾನು ನನ್ನದನ್ನು ಎಪ್ಪತ್ತೊಂದು ವರ್ಷ ಜೋಪಾನ ಮಾಡಿ, ನಿಮ್ಮಿಂದ ಒಂದು ಉಪಕಾರ ಕೇಳಲು ಖರ್ಚು ಮಾಡುತ್ತಿದ್ದೇನೆ.

ನಿಮ್ಮ ಮೇಜಿನ ಮೇಲೆ ಈಗ ಒಂದು ಮೆಮೋ ಬಿದ್ದಿದೆ. ಹೊಸ ವಿದ್ಯಾರ್ಥಿಗಳಿಗೆ ಇಂಟರ್ನೆಟ್ ಕೊಡುವ ಅರ್ಜಿಯನ್ನು ನೀವು ಅವಸರದಲ್ಲಿ ಗ್ರಂಥಾಲಯದ ಸದಸ್ಯತ್ವದ ಅರ್ಜಿ ನೋಡಿ ತಯಾರಿಸಿದಿರಿ. ತಲೆಬರಹ ಬದಲಾಯಿತು, “ಪರಿಚಿತರ ಹೆಸರು ಮತ್ತು ಸಹಿ” ಎಂಬ ಕಾಲಂ ಹಾಗೇ ಉಳಿಯಿತು. ಆ ದಿನವಷ್ಟೇ ಟ್ರಂಕು ಹೊತ್ತು ಬಂದ ಹುಡುಗರಿಗೆ ಇಲ್ಲಿ ಯಾರು ಪರಿಚಯ? ಸಾಲಿನಲ್ಲಿ ತಮ್ಮ ಬೆನ್ನ ಹಿಂದೆ ನಿಂತವರ ಹೆಸರು ಕೇಳಿ ಬರೆದರು, ಅವರಿಂದಲೇ ಸಹಿ ಹಾಕಿಸಿಕೊಂಡರು. ನಿಮ್ಮ ಗಣಕಯಂತ್ರ ಆ ಹೆಸರುಗಳನ್ನೆಲ್ಲ ತುರ್ತು ಸಂಪರ್ಕ ಎಂದು ತಿಳಿದುಕೊಂಡಿತು. ಅಲ್ಲಿಂದ ಯಾರದೇ ಲಾಗಿನ್ ಐದು ದಿನ ಸುಮ್ಮನಿದ್ದರೂ ಹಿಂದೆ ನಿಂತಿದ್ದವರ ಫೋನಿಗೆ ಸಂದೇಶ ಹೋಗತೊಡಗಿತು. ನಿರ್ದೇಶಕರಿಗೆ ದೂರುಗಳು ಹೋದವು. ನಿಮ್ಮಿಂದ ವಿವರಣೆ ಕೇಳಿದ್ದಾರೆ, ಸೋಮವಾರದೊಳಗೆ ಕಾಲಂ ತೆಗೆಯಬೇಕು ಎಂದಿದ್ದಾರೆ.

ನೀವು ಅದನ್ನು ತೆಗೆಯಲಿಲ್ಲ, ಹುಲಿಗೆಮ್ಮನವರೇ. ಯಾಕೆ ಎಂಬುದು ಮಾತ್ರ ನಮಗೆ ಗೊತ್ತಿಲ್ಲ.

ಇಂದು ಹುಟ್ಟಿದ ಕೂಸಿಗೆ ಹೆಸರಿಡುವ ಮೊದಲೇ ಮೈಜಾಲ ಹಾಕುತ್ತಾರೆ. ಅದು ಚರ್ಮದಡಿಯಲ್ಲಿರುವ ಇಂಟರ್ನೆಟ್ಟು, ಪಾಸ್‌ವರ್ಡ್ ಇಲ್ಲ, ಸಿಗ್ನಲ್ ಹುಡುಕಿ ಹಾಸ್ಟೆಲ್ ಮೆಟ್ಟಿಲ ಮೇಲೆ ಸಾಲಾಗಿ ಕೂರುವ ಗೋಳೂ ಇಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯದ ಓದುಜಾಲಕ್ಕೆ ಇವತ್ತಿಗೂ ಕಾಗದದ ಅರ್ಜಿ ಹಿಡಿದು ಸಾಲಿನಲ್ಲಿ ನಿಂತೇ ಸೇರಬೇಕು. ಮೊದಲ ದಿನ ಹುಡುಗರು ಬುತ್ತಿ ಕಟ್ಟಿಕೊಂಡು ಬಂದು, ಬಿಸಿಲಿಗೆ ಶಾಪ ಹಾಕುತ್ತಾ ಮೂರು ತಾಸು ನಿಲ್ಲುತ್ತಾರೆ. ಹಿಂದೆ ನಿಂತವರಿಗೆ ಬೆನ್ನಿನವರು ಎನ್ನುತ್ತೇವೆ. ಜಾಲದಿಂದ ಐದು ದಿನ ಕಾಣೆಯಾದವರ ಬಾಗಿಲಿಗೆ ಬೆನ್ನಿನವರು ಸ್ವತಃ ಹೋಗಬೇಕು, ಸಂದೇಶ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ಸಾಲಿನ ಕಟ್ಟಕಡೆಯವರಿಗೆ ಈ ಕೋಣೆಯ ಗುಮಾಸ್ತರೇ ಬೆನ್ನಿನವರು. ಹಾಗಾಗಿ ವರ್ಷಕ್ಕೊಬ್ಬರಂತೆ ನನಗೆ ಮೂವತ್ತೊಂದು ಮಕ್ಕಳಿದ್ದಾರೆ, ಎಲ್ಲರೂ ಸೋಮಾರಿಗಳು, ತಡವಾಗಿ ಎದ್ದು ಬಂದವರು.

ನಾನು ಈ ಸಾಲಿನಲ್ಲಿ ನಿಂತಾಗ ನನಗೆ ಹತ್ತೊಂಬತ್ತು. ನನ್ನ ಹಿಂದೆ ಸಿರುಗುಪ್ಪದ ಕಡೆಯ ಮಾಬುನ್ನಿ ಎಂಬ ಹುಡುಗಿ ಇದ್ದಳು. ಹೆಸರು ಕೇಳಿದೆ, ಸಹಿ ಹಾಕಿದಳು, ಅಷ್ಟೇ ನಮ್ಮ ಮಾತು. ಎರಡು ತಿಂಗಳಿಗೆ ನನ್ನ ಅವ್ವ ಹೋದಳು. ಊರಿಗೆ ಹೋಗಿ ಮಣ್ಣು ಮಾಡಿ ಬಂದವಳು ಕೋಣೆ ಸೇರಿ ಚಿಲಕ ಹಾಕಿದೆ. ಮೈಜಾಲದ ತುಂಬ ಸಮಾಧಾನದ ಮಾತುಗಳು ಬಂದು ಬೀಳುತ್ತಿದ್ದವು, ಎಲ್ಲ ಆರಿಸಿಬಿಟ್ಟೆ. ಉಣ್ಣಲಿಲ್ಲ. ಅವ್ವನ ಹಿಂದೆಯೇ ಹೋಗಿಬಿಡಬೇಕು ಅನ್ನಿಸಿತ್ತು, ಇದನ್ನು ನಿಮಗೆ ಮುಚ್ಚಿಡುವುದಿಲ್ಲ. ಆರನೆಯ ದಿನ ಮಧ್ಯಾಹ್ನ ಯಾರೋ ಬಾಗಿಲು ಗುದ್ದಿದರು.

“ಏನ್ಬೇ, ಕೊಟ್ರಮ್ಮ ಅಂದ್ರ ನೀನೇ ಹೌದಲ್ಲ? ನಾ ನಿನ್ನ ಬೆನ್ನಿನಾಕಿ. ಬಾಗ್ಲ ತಗಿ, ಮಂಡಕ್ಕಿ ಒಗ್ಗರಣಿ ತಂದೀನಿ, ಆರಿ ಹೊಂಟೈತಿ.”

ನಾನು ತೆಗೆಯಲಿಲ್ಲ. ಅವಳು ಹೊಸ್ತಿಲಲ್ಲೇ ಕೂತು ತನ್ನ ಊರಿನ ಭತ್ತದ ಗದ್ದೆ, ಜಗಳಗಂಟಿ ಅತ್ತಿಗೆ, ಹಾಸ್ಟೆಲ್ಲಿನ ನೀರುಸಾರು ಎಲ್ಲವನ್ನೂ ಬಾಗಿಲಿಗೆ ಹೇಳಿದಳು. ಸಂಜೆಯ ಹೊತ್ತಿಗೆ ನಾನು ಚಿಲಕ ತೆಗೆದೆ. ಒಗ್ಗರಣೆ ತಣ್ಣಗಾಗಿ ಚರ್ಮದಂತಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಮತ್ತೆಂದೂ ತಿಂದಿಲ್ಲ. ಅಲ್ಲಿಂದ ಐವತ್ತೊಂದು ವರ್ಷ ಅವಳು ನನ್ನ ಬೆನ್ನಿಗಿದ್ದಳು, ಹೋದ ವರ್ಷ ತೀರಿಕೊಂಡಳು. ಈಗಲೂ ಯಾರಾದರೂ ಜೋರಾಗಿ ಬಾಗಿಲು ಬಡಿದರೆ ಅವಳೇ ಎಂದು ಎದ್ದುಬಿಡುತ್ತೇನೆ.

ಎಂಟು ದಿನಕ್ಕೆ ಸಿಂಡಿಕೇಟ್ ಸಭೆಯಿದೆ. ಗೇಟು ದಾಟುತ್ತಲೇ ಓದುಜಾಲ ತಾನಾಗಿ ಸೇರಿಕೊಳ್ಳಲಿ, ಸಾಲು ಯಾಕೆ ಎಂಬುದು ಹೊಸ ಕುಲಪತಿಗಳ ವಾದ. ನೂರು ವರ್ಷ ದಾಟಿದ ಪದ್ಧತಿಯನ್ನು ಕೈಬಿಡಲು ನಮ್ಮ ಕಾನೂನು ಒಪ್ಪುವುದಿಲ್ಲ, ಆದರೆ ಅದನ್ನು ಯಾರಾದರೂ ಬೇಕೆಂದೇ ಉಳಿಸಿದ್ದಕ್ಕೆ ಬರಹದ ಸಾಕ್ಷಿ ಇರಬೇಕು. ಇದು ಪದ್ಧತಿಯಲ್ಲ, ಗುಮಾಸ್ತೆಯೊಬ್ಬಳ ಕಣ್ತಪ್ಪು ಎಂದು ಅವರು ಎಲ್ಲರೆದುರು ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು, ನೆಟ್ಟಗೆ ಬಂದು ನಿಮ್ಮ ಕಡತ ತೆಗೆದೆ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ಮೆಮೋಗೆ ಉತ್ತರ ಬರೆಯುವಾಗ ಕ್ಷಮೆ ಬೇಕಾದರೆ ಕೇಳಿ, ನೌಕರಿ ಮುಖ್ಯ, ನನಗೂ ಗೊತ್ತು. ಕೊನೆಯಲ್ಲಿ ಒಂದು ಸಾಲು ಸೇರಿಸಿ: ಕಾಲಂ ಇರಲಿ ಎಂದು ನಾನೇ ಬಿಟ್ಟಿದ್ದೇನೆ. ಕೆಳಗೆ ಸಹಿ, ತಾರೀಖು. ಕಾರಣ ಬೇಕಿದ್ದರೆ ನಿಮ್ಮ ಕಿಟಕಿಯಿಂದ ಆಚೆ ನೋಡಿ. ಅರ್ಜಿ ಹಿಡಿದು ಬೆಳಿಗ್ಗೆ ಒಬ್ಬೊಬ್ಬರೇ ಬಂದ ಹುಡುಗರು ಈಗ ಹಿಂದಿನವರತ್ತ ತಿರುಗಿ ಹೇಗೆ ನಿಂತಿದ್ದಾರೆ ನೋಡಿ.

ನಿಮ್ಮ ಕಡತ ನನ್ನ ಎದುರಿಗೇ ಇದೆ. ಮೆಮೋಗೆ ನಿಮ್ಮ ಉತ್ತರ ಇರಬೇಕಾದ ಕೊನೆಯ ಹಾಳೆ ರಟ್ಟಿಗೆ ಅಂಟಿಕೊಂಡಿದೆ, ಇಷ್ಟು ವರ್ಷದಲ್ಲಿ ಯಾರೂ ಬಿಡಿಸಿಲ್ಲ. ಈ ಕಾಗದವನ್ನು ಹಿಂದಂಚೆಗೆ ಹಾಕಿ ಬಂದು, ಒಂದು ಲೋಟ ಚಹಾ ಕುಡಿದು, ಹಬೆಗೆ ಹಿಡಿದು ಮೆಲ್ಲಗೆ ಬಿಡಿಸುತ್ತೇನೆ. ಅದು ಖಾಲಿ ಇದ್ದರೂ ನನಗೆ ನಿಮ್ಮ ಮೇಲೆ ಬೇಸರವಿಲ್ಲ, ತಾಯಿ. ಕಣ್ತಪ್ಪಿನಿಂದಲೇ ಆಗಲಿ, ನೀವು ಮಾಬುನ್ನಿಯನ್ನು ನನ್ನ ಹಿಂದೆ ನಿಲ್ಲಿಸಿದಿರಿ.

ನಿಮ್ಮ
ಕೊಟ್ರಮ್ಮ